ಐದನೆಯ ಎಸ್ಸು

ಗೃಹಪ್ರವೇಶದ ಕಾರ್ಡಿನಲ್ಲಿ ಚನ್ನೇಶನ ಹೆಸರಿನ ಕೆಳಗೆ ‘ಮ್ಯಾನೇಜರ್’ ಎಂದು ಅಚ್ಚಾದಾಗ ಅವನಿನ್ನೂ ಮ್ಯಾನೇಜರ್ ಆಗಿರಲಿಲ್ಲ. ಇದರಲ್ಲಿ ಅವನ ತಪ್ಪೇನೂ ಇಲ್ಲ. ಪ್ರೆಸ್ಸಿನವನು “ಹೆಸರಿನ ಕೆಳಗೆ ಏನ್ ಹಾಕ್ಲಿ ಸಾರ್?” ಎಂದು ಕೇಳಿದ, ಹೆಂಡತಿ ಉಷಾರಾಣಿ “ಮ್ಯಾನೇಜರ್ ಅಂತ ಹಾಕ್ರಿ” ಅಂದಳು, ಚನ್ನೇಶ ಸುಮ್ಮನಿದ್ದ. ಅವನ ಬದುಕಿನ ದೊಡ್ಡ ಸಂಗತಿಗಳೆಲ್ಲ ನಡೆದದ್ದು ಹೀಗೆಯೇ. ಬೇರೆ ಯಾರೋ ಏನೋ ಅನ್ನುತ್ತಿದ್ದರು, ಅವನು ಸುಮ್ಮನಿರುತ್ತಿದ್ದ. ಮದುವೆಯೂ ಅದರಲ್ಲೊಂದು.

ಅರಸೀಕೆರೆಯ ಹೊರಗೆ, ಮನೆಗಳು ಮುಗಿದು ತೆಂಗಿನ ತೋಟಗಳು ಶುರುವಾಗುವ ಕಡೆ ಇರುವ ಕಾಯಿಪುಡಿ ಫ್ಯಾಕ್ಟರಿ ಅವನ ಸೋದರಮಾವ ಕಲ್ಲೇಶಪ್ಪನವರದು. ತೆಂಗಿನಕಾಯಿ ಒಂದು ಬಾಗಿಲಿನಿಂದ ಒಳಗೆ ಹೋಗಿ, ಚಿಪ್ಪು ಕಳಚಿಕೊಂಡು, ಕಂದು ಸಿಪ್ಪೆ ಹೆರೆಸಿಕೊಂಡು, ಪುಡಿಯಾಗಿ, ಡ್ರೈಯರಿನಲ್ಲಿ ಒಣಗಿ, ಬೆಳ್ಳಗೆ ಚೀಲದಲ್ಲಿ ಕೂತು ಇನ್ನೊಂದು ಬಾಗಿಲಿನಿಂದ ಹೊರಗೆ ಬರುತ್ತಿತ್ತು. ಈ ಎರಡು ಬಾಗಿಲುಗಳ ನಡುವೆ ಚನ್ನೇಶ ಓಡಾಡುತ್ತಿದ್ದ. ಅವನ ಕೆಲಸವೇನೆಂದು ಯಾರಿಗೂ ಸ್ಪಷ್ಟವಾಗಿ ಗೊತ್ತಿರಲಿಲ್ಲ. ಓಡಾಡುತ್ತಾನೆ ಎಂಬುದಷ್ಟೇ ಎಲ್ಲರಿಗೂ ಗೊತ್ತಿತ್ತು.

ಹೀಗಿರುವಾಗ ಬೆಂಗಳೂರಿನ ಒಂದು ಬಿಸ್ಕತ್ತು ಕಂಪನಿಯವರು ಪುಡಿ ಕೊಳ್ಳುವ ಮಾತಾಡಿದರು. ಅವರ ಕಡೆಯ ಮೇಡಂ ಒಬ್ಬರು ಬಂದು ಫ್ಯಾಕ್ಟರಿ ನೋಡುತ್ತಾರಂತೆ. ಅದಕ್ಕೆ ಮೊದಲು ನಿಮ್ಮಲ್ಲಿ ಒಬ್ಬರಿಗಾದರೂ ಆಡಳಿತದ ತರಬೇತಿ ಆಗಿರಬೇಕು ಅಂದರಂತೆ. ಬೇಲೂರಿನ ಹೋಟೆಲಿನಲ್ಲಿ ಸಣ್ಣ ಕೈಗಾರಿಕೆಯವರಿಗೆ ಅಂಥದ್ದೇ ಒಂದು ತರಬೇತಿ ಇತ್ತು. ಕೈಯಲ್ಲಿ ಕೆಲಸವಿದ್ದವರನ್ನು ಕಳಿಸಿದರೆ ಕೆಲಸ ಕೆಡುತ್ತದೆಂದು ಕಲ್ಲೇಶಪ್ಪ ಚನ್ನೇಶನನ್ನು ಕಳಿಸಿದರು.

“ಸರಿಯಾಗಿ ಕಲ್ತುಕೊಂಡು ಬಾ,” ಅಂದರು. “ಆ ಯಮ್ಮ ನೋಡಿ, ಒಪ್ಪಿ, ಆರ್ಡರ್ ಕೊಟ್ರು ಅಂದ್ರೆ ನೀನೇ ಮ್ಯಾನೇಜರ್. ಇಲ್ಲಾಂದ್ರೆ ನಿಮ್ಮಪ್ಪನ ಅಂಗಡಿ ಐತೆ, ಬೆಲ್ಲ ತೂಗ್ಕೊಂಡಿರು.”

ಕಾರ್ಡು ಅದಾಗಲೇ ಹಗರೆಯ ನೆಂಟರ ಮನೆಯವರೆಗೆ ಹಂಚಿಯಾಗಿತ್ತು. ಉಷಾರಾಣಿಯ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಅದು ದಿನವೂ ಬೆಳಗುತ್ತಿತ್ತು.

ತರಬೇತಿ ಕೊಟ್ಟವರು ಒಳ್ಳೆಯ ಮಾತುಗಾರರು. ಆದರೆ ಊಟಕ್ಕೆ ಕಾಯಿ ಹೋಳಿಗೆ ಹಾಕಿಸಿ, ಊಟದ ನಂತರ ಎ.ಸಿ. ಹಾಕಿದ್ದು ಏರ್ಪಾಡು ಮಾಡಿದವರ ತಪ್ಪು. ಚನ್ನೇಶನ ರೆಪ್ಪೆ ಮುಚ್ಚುವ ಹೊತ್ತಿಗೆ ಅವರು “ಜಪಾನಿನ ಫ್ಯಾಕ್ಟರಿಗಳೆಲ್ಲ ಮೇಲೆ ಬಂದಿದ್ದೇ ಫೈವ್ ಎಸ್‌ನಿಂದ. ಈ ಐದು ಎಸ್ ಯಾವುದಪ್ಪಾ ಅಂದ್ರೆ...” ಅನ್ನುತ್ತಿದ್ದರು. ರೆಪ್ಪೆ ತೆರೆದಾಗ “...ಈ ಐದರಲ್ಲಿ ಒಂದು ತಪ್ಪಿದರೂ ಉಳಿದ ನಾಲ್ಕು ದಂಡ. ಥ್ಯಾಂಕ್ಯೂ” ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಚನ್ನೇಶನೂ ತಟ್ಟಿದ, ಸ್ವಲ್ಪ ಜೋರಾಗಿಯೇ.

ನಡುವೆ ಏನು ಹೇಳಿದರೆಂಬುದು ಅವರು ಕೊಟ್ಟ ಪುಸ್ತಕದಲ್ಲಿತ್ತು. ಆದರೆ ಬೇಲೂರು ಬಸ್‌ಸ್ಟ್ಯಾಂಡಿನಲ್ಲಿ ಅರಸೀಕೆರೆ ಬಸ್ಸು ಬಂದು ನಿಂತಾಗ ನುಗ್ಗಲು ಜಾಗವಿರಲಿಲ್ಲ. ಎಲ್ಲರೂ ಕಿಟಕಿಯಿಂದ ಟವೆಲ್ಲು, ಚೀಲ, ಕರ್ಚೀಫು ಎಸೆದು ಸೀಟು ಹಿಡಿಯುತ್ತಿದ್ದರು. ಚನ್ನೇಶನ ಕೈಯಲ್ಲಿದ್ದದ್ದು ಪುಸ್ತಕ. ಎಸೆದ. ಒಳಗೆ ಹೋಗಿ ನೋಡಿದರೆ ಅದರ ಮೇಲೆ ದಪ್ಪನೆಯ ಅಜ್ಜಿಯೊಬ್ಬರು ಕೂತಿದ್ದರು. “ಅಜ್ಜಿ, ನನ್ನ ಪುಸ್ತಕ” ಅಂದ. “ಇಲ್ಲಿ ಯಾವ ಪುಸ್ತಕಾನೂ ಇಲ್ಲ ಕಣಪ್ಪ, ನಾನೇ ಇರೋದು” ಅಂದರು. ಚನ್ನೇಶ ಸುಮ್ಮನಾದ. ಹಳೇಬೀಡಿನಲ್ಲಿ ಅಜ್ಜಿ ಇಳಿದರು. ಅವರ ಸೀರೆಯ ನೆರಿಗೆಯಲ್ಲೋ ಕೈಚೀಲದಲ್ಲೋ ಜಪಾನಿನ ಗುಟ್ಟೂ ಇಳಿದುಹೋಯಿತು.

ಮರುದಿನ ಬೆಳಿಗ್ಗೆ ಕಲ್ಲೇಶಪ್ಪನವರು ಆಫೀಸಿನ ಪಟಕ್ಕೆ ಊದುಬತ್ತಿ ಹಚ್ಚಿ, ಕುರ್ಚಿಯಲ್ಲಿ ಕೂತು, “ಬಾರಪ್ಪ. ಏನ್ ಹೇಳಿಕೊಟ್ರು?” ಅಂದರು.

“ಫೈವ್ ಎಸ್ ಮಾವ.”

“ಹಂಗಂದ್ರೆ?”

“ಐದು ಎಸ್ಸು. ಇಂಗ್ಲಿಷಿನ ಎಸ್ಸು. ಫ್ಯಾಕ್ಟರಿ ಅಂದ್ಮೇಲೆ ಐದು ಇರಲೇಬೇಕಂತೆ. ಒಂದು ತಪ್ಪಿದ್ರೂ ಉಳಿದ ನಾಲ್ಕು ದಂಡವಂತೆ.”

ಕಲ್ಲೇಶಪ್ಪ ಹುಬ್ಬು ಗಂಟಿಕ್ಕಿದರು. ಅಕ್ಷರಗಳ ಶಕ್ತಿಯಲ್ಲಿ ಅವರಿಗೆ ಮೊದಲಿನಿಂದಲೂ ನಂಬಿಕೆ. ಸಂಖ್ಯಾಶಾಸ್ತ್ರದವರ ಮಾತು ಕೇಳಿ ಫ್ಯಾಕ್ಟರಿ ಬೋರ್ಡಿನ ಇಂಗ್ಲಿಷ್ ಹೆಸರಿಗೆ ಇನ್ನೊಂದು ‘ಎ’ ಸೇರಿಸಿದ ಮರುವಾರವೇ, ಎಷ್ಟೋ ಕಾಲದಿಂದ ವಾಲಿಕೊಂಡಿದ್ದ ಕರೆಂಟು ಕಂಬವನ್ನು ಇಲಾಖೆಯವರು ತಾವಾಗಿಯೇ ಬಂದು ನೆಟ್ಟಗೆ ಮಾಡಿ ಹೋಗಿದ್ದರು.

“ಅಂದ್ರೆ,” ಅವರು ಮುಂದಕ್ಕೆ ಬಗ್ಗಿ ಕೇಳಿದರು, “ಎಸ್ ಅಕ್ಷರದ ಹೆಸರಿರೋ ಐದು ಜನ ಇರಬೇಕು ಅಂತಲೋ?”

ಚನ್ನೇಶ ಏನಾದರೂ ಹೇಳಬಹುದಿತ್ತು. ಗೊತ್ತಿಲ್ಲ ಅನ್ನಬಹುದಿತ್ತು. ಹೋಳಿಗೆಯ ವಿಷಯ ಎತ್ತಬಹುದಿತ್ತು. ಅವನು ತಲೆಯಾಡಿಸಿದ. ಕಾಯಿಪುಡಿಯ ಉದ್ಯಮಕ್ಕೆ ಆ ವರ್ಷ ಬಿದ್ದ ದೊಡ್ಡ ಹೊಡೆತ ಅದೇ.

ಫ್ಯಾಕ್ಟರಿಯಲ್ಲಿ ಎಷ್ಟು ಎಸ್ಸುಗಳಿವೆ ಎಂಬ ಹುಡುಕಾಟ ಅಂದೇ ಶುರುವಾಯಿತು. ಕಾಯಿ ಹೆರೆಯುವ ಹೆಂಗಸರ ಮೇಲೆ ಕಣ್ಣಿಟ್ಟಿದ್ದ ಸುವರ್ಣಮ್ಮ ಒಂದು ಎಸ್ಸು. ಬಿ.ಕಾಂ. ಮುಗಿಸಿ ಲೆಕ್ಕ ನೋಡುತ್ತಿದ್ದ ಸ್ವಾತಿ ಇನ್ನೊಂದು. ಡ್ರೈಯರಿನ ಶಶಿಧರ, ಪ್ಯಾಕಿಂಗಿನ ಶರ್ಮಿಳಾ ಸೇರಿದರೆ ನಾಲ್ಕು. ಕಲ್ಲೇಶಪ್ಪ ಖುಷಿಪಡುವಷ್ಟರಲ್ಲಿ ಪೇಪರಿನ ಹಿಂದಿನಿಂದ ಕೆಮ್ಮು ಕೇಳಿಸಿತು. ಪೇಪರಿನ ಹಿಂದೆ ಮರುಳಪ್ಪ ಮೇಷ್ಟ್ರಿದ್ದರು. ನಿವೃತ್ತ ಕನ್ನಡ ಪಂಡಿತರು. ಬೆಳಿಗ್ಗೆ ಪೇಪರು ಓದಲು ಬಂದರೆ ಕಾಫಿ ಆಗುವವರೆಗೆ ಏಳುತ್ತಿರಲಿಲ್ಲ. ಇಲ್ಲಿ ಕಾಫಿ ಬೆಳಿಗ್ಗೆಯೂ ಆಗುತ್ತಿತ್ತು, ಸಂಜೆಯೂ ಆಗುತ್ತಿತ್ತು.

“ಕಲ್ಲೇಶಪ್ನೋರೇ, ಶಕಾರ ಬೇರೆ, ಸಕಾರ ಬೇರೆ,” ಅಂದರು ಮೇಷ್ಟ್ರು. “ಶಶಿಧರ, ಶರ್ಮಿಳಾ ಇಬ್ಬರೂ ಶಕಾರ. ಅವರನ್ನ ಎಸ್ಸಿಗೆ ಸೇರಿಸೋ ಹಾಗಿಲ್ಲ.”

“ಇಂಗ್ಲಿಷಲ್ಲಿ ಎರಡೂ ಎಸ್ಸೇ ಅಲ್ವಾ ಮೇಷ್ಟ್ರೇ?”

“ಇಂಗ್ಲಿಷಿನೋರಿಗೆ ಗತಿ ಇಲ್ಲ, ಅದಕ್ಕೆ ಒಂದರಲ್ಲೇ ಸಂಸಾರ ಮಾಡ್ತಾರೆ. ನೀವು ಹಾಗೆ ಮಾಡೋಕಾಗುತ್ತಾ? ಶಂಕರ ಅಂದ್ರೆ ಯಾರು?”

ಕಲ್ಲೇಶಪ್ಪನವರ ಕೈ ತಾನಾಗಿಯೇ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿತು. “ಶಿವ.”

“ಸಂಕರ ಅಂದ್ರೆ ಏನು? ಕಲಬೆರಕೆ! ತಿನ್ನೋ ಪದಾರ್ಥ ಮಾಡೋ ಜಾಗ ಇದು. ಆಮೇಲೆ ನಿಮ್ಮಿಷ್ಟ.”

ಕಲಬೆರಕೆ ಎಂಬ ಮಾತಿಗೆ ಕಲ್ಲೇಶಪ್ಪ ಬೆರಳು ಮಡಚಿ ಮತ್ತೆ ಎಣಿಸಿದರು. ಶಕಾರವನ್ನು ಬಿಟ್ಟರೆ ಎಸ್ಸುಗಳು ಎರಡಕ್ಕಿಳಿಯುತ್ತವೆ. ಚನ್ನೇಶನಿಗೆ ಬೆಲ್ಲದ ಅಂಗಡಿಯ ನೊಣಗಳು ಕಣ್ಣ ಮುಂದೆ ಬಂದವು. ಆಗ ಅವನನ್ನು ಕಾಪಾಡಿದವನು ಹೊನ್ನಯ್ಯ. ಚಿಪ್ಪು ಬಿಡಿಸುವ ಹೊನ್ನಯ್ಯ ನೀರು ಕುಡಿಯಲು ಬಂದವನು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ.

“ಮೇಷ್ಟ್ರೇ, ಅವನು ಸಸಿದರ ಕಣ್ರಿ,” ಅಂದ. “ನಾವೆಲ್ಲ ಸಸಿದರ ಅಂತ್ಲೇ ಕರೆಯಾದು. ಅವನೂ ಓ ಅಂತಾನೆ. ಆ ಯಮ್ಮನೂ ಅಷ್ಟೇ, ಸರ್ಮಿಳಾ.”

ಪರೀಕ್ಷೆಗೆಂದು ಹೊನ್ನಯ್ಯ ಅಲ್ಲಿಂದಲೇ “ಏ ಸಸಿದರಾ!” ಎಂದು ಕೂಗಿದ. ಡ್ರೈಯರಿನ ಕಡೆಯಿಂದ “ಏನ್ಲಾ?” ಎಂದು ಉತ್ತರ ಬಂತು.

“ಓ ಅಂದನಲ್ಲ, ಸಾಕು,” ಎಂದು ಕಲ್ಲೇಶಪ್ಪ ತೀರ್ಪು ಕೊಟ್ಟರು. ಮೇಷ್ಟ್ರು ಪೇಪರಿನ ಹಿಂದಕ್ಕೆ ಹೋದರು. ವ್ಯಾಕರಣಕ್ಕೆ ಸೋಲಾದ ದಿನಗಳಲ್ಲಿ ಅವರು ಕಾಫಿಗೆ ಸಕ್ಕರೆ ಹೆಚ್ಚು ಹಾಕಿಸಿಕೊಳ್ಳುತ್ತಿದ್ದರು.

ಇಂಥ ಅಮೂಲ್ಯ ನಾಲ್ವರನ್ನು ಹೊಗೆಯಲ್ಲಿ, ಸಿಪ್ಪೆಯ ನಡುವೆ ಬಿಡುವುದುಂಟೆ? ಬಂದವರಿಗೆ ಎದುರಿಗೇ ಕಾಣಬೇಕು ಎಂದು ಕಲ್ಲೇಶಪ್ಪ ಆಫೀಸಿನ ಮುಂದೆ ಸಾಲಾಗಿ ಕುರ್ಚಿ ಹಾಕಿಸಿದರು. ಯಾರೂ ರಜ ಹಾಕುವಂತಿಲ್ಲ, ಯಾರೂ ಸುಸ್ತಾಗುವಂತಿಲ್ಲ. ಫ್ಯಾಕ್ಟರಿಯ ಒಂದೇ ಒಂದು ಪೆಡೆಸ್ಟಲ್ ಫ್ಯಾನನ್ನು ಅವರ ಕಡೆ ತಿರುಗಿಸಲಾಯಿತು. ಸ್ವಾತಿ ಒಂದು ಸಲ “ಸರ್, ಆಕ್ಚುಯಲಿ ಫೈವ್ ಎಸ್ ಅಂದ್ರೆ...” ಎಂದು ಶುರು ಮಾಡಿದ್ದುಂಟು. ಅಷ್ಟರಲ್ಲಿ ಫ್ಯಾನಿನ ಗಾಳಿ ಅವಳ ಮುಖಕ್ಕೆ ಬಂತು. “ಏನಿಲ್ಲ ಸರ್” ಅಂದಳು.

ಡ್ರೈಯರನ್ನು ಲಾರಿ ಡ್ರೈವರ್ ರಾಮಣ್ಣನಿಗೆ ಒಪ್ಪಿಸಿದರು. ಬಿಸಿಯಾಗುವ ಯಂತ್ರ ಯಾವುದಾದರೇನು, ಎಂಜಿನ್ ಎಂಜಿನ್ನೇ ಎಂಬುದು ರಾಮಣ್ಣನ ಅಭಿಪ್ರಾಯ. ಏರು ಬಂದ ಹಾಗೆ ತಿಳಿದು ಅವನು ಡ್ರೈಯರಿಗೆ ಉರಿ ಏರಿಸಿದ. ಅಂದು ಹೊರಬಂದ ಕಾಯಿಪುಡಿಯನ್ನು ಬಿಕ್ಕೋಡಿನ ಕಾಫಿ ಎಸ್ಟೇಟಿನವರು ನೋಡಿದ್ದರೆ ಹದವಾಗಿ ಹುರಿದಿದ್ದೀರಿ ಎಂದು ಮೆಚ್ಚಿಕೊಳ್ಳುತ್ತಿದ್ದರು.

ಹೆರೆಯುವ ಹೆಂಗಸರ ಕಡೆಯಲ್ಲಿ ಇನ್ನೊಂದು ಬಗೆಯ ಕ್ರಾಂತಿ ಹಬ್ಬಿತು. ಸುವರ್ಣಮ್ಮ ಎದ್ದು ಹೋದ ಮೇಲೆ ಬೇಗ ಹೆರೆಯಿರಿ ಅನ್ನುವವರಿರಲಿಲ್ಲ. ಅಲ್ಲದೆ ಅವರೆಲ್ಲರಿಗೂ ಮನಸ್ಸಿಗೆ ಬೇಜಾರಾಗಿತ್ತು. ಹೊನ್ನಯ್ಯನ ಹೆಂಡತಿ ದ್ಯಾವಮ್ಮನಂತೂ ಒಂದು ಕಾಯಿ ಹೆರೆದು, ಅದನ್ನು ಬೆಳಕಿಗೆ ಹಿಡಿದು ನೋಡಿ, ಕೆಳಗಿಟ್ಟು, ಒಂದು ಎಲೆ ಅಡಿಕೆ ಹಾಕಿಕೊಂಡು, ಆಮೇಲೆ ಇನ್ನೊಂದಕ್ಕೆ ಕೈ ಹಾಕುತ್ತಿದ್ದಳು.

“ಸ್ವಲ್ಪ ಬೇಗ ಬೇಗ ಮಾಡ್ರಮ್ಮ,” ಎಂದು ಚನ್ನೇಶ ಬೇಡಿಕೊಂಡ.

“ನಾವೇನು ಎಸ್ಸಾ?” ಅಂದಳು ದ್ಯಾವಮ್ಮ. “ನಾವು ಬರೀ ಕೈ. ಕೈಗೆ ನೋವಾಯ್ತದೆ. ಎಸ್ಸುಗಳು ಗಾಳಿ ತಗೊತಾ ಕುಂತವಲ್ಲ, ಅವನ್ನ ಕರ್ಕಬನ್ನಿ, ಹೆರೀಲಿ.”

ಉತ್ಪಾದನೆ ಇಳಿಯಿತು. ಇಳಿದದ್ದು ಎಷ್ಟೆಂದರೆ, ಸಂಜೆ ಚೀಲ ತುಂಬಲು ಬಂದ ಬಾಡಿಗೆ ಲಾರಿ ಅರ್ಧ ಖಾಲಿಯೇ ಹೋಯಿತು. ಕಲ್ಲೇಶಪ್ಪ ಗುಡುಗಿದರು: “ಏನೋ ಇದು? ಎಸ್ ಬಂದ್ಮೇಲೆ ದುಪ್ಪಟ್ಟಾಗಬೇಕಿತ್ತಲ್ಲೋ!”

ಚನ್ನೇಶ ಆ ಕ್ಷಣದಲ್ಲಿ ಜೀವಮಾನದಲ್ಲೇ ಮೊದಲ ಸಲ ಒಂದು ತರ್ಕ ಹೂಡಿದ. “ಅದೇ ಮಾವ ಅವರು ಹೇಳಿದ್ದು. ಒಂದು ತಪ್ಪಿದ್ರೆ ಉಳಿದ ನಾಲ್ಕು ದಂಡ ಅಂತ. ಈಗ ನೋಡಿ, ನಾಲ್ಕೂ ದಂಡವಾಗಿ ಕೂತಿಲ್ವೇ?”

ಕಲ್ಲೇಶಪ್ಪ ಕಿಟಕಿಯಿಂದ ನೋಡಿದರು. ನಾಲ್ವರೂ ಕೂತಿದ್ದರು. ಶಶಿಧರ ಆಕಳಿಸುತ್ತಿದ್ದ. ಮಾತಿನಲ್ಲಿ ಸತ್ಯವಿದೆ ಅನ್ನಿಸಿತು.

ಐದನೆಯ ಎಸ್ಸಿಗಾಗಿ ಹುಡುಕಾಟ ಹೀಗೆ ತುರ್ತಿಗೆ ಬಂತು. ಅಂಗಳದ ನಾಯಿಯ ಹೆಸರು ಸೋನು ಎಂಬುದನ್ನು ಯಾರೋ ನೆನಪಿಸಿದರು. ಕಲ್ಲೇಶಪ್ಪ ಅದನ್ನು ತಕ್ಷಣ ತಳ್ಳಿಹಾಕಲಿಲ್ಲ ಎಂಬುದು ಅವರ ಸಂಕಟಕ್ಕೆ ಸಾಕ್ಷಿ. “ನೀನೇ ಸನ್ನೇಶ ಅಂತ ಆಗ್ಬಿಡೋ,” ಎಂದು ಸೋದರಳಿಯನಿಗೆ ಹೇಳಿದರು.

“ಆಗ್ತಿದ್ದೆ ಮಾವ. ಕಾರ್ಡು ಅಚ್ಚಾಗ್ಬಿಟ್ಟಿದೆ.”

ಆಗ ಮರುಳಪ್ಪ ಮೇಷ್ಟ್ರು ಪೇಪರು ಮಡಚಿ, ಶಕಾರದ ಸೇಡು ತೀರಿಸಿಕೊಳ್ಳುವವರಂತೆ ಹೇಳಿದರು: “ಹಕಾರಕ್ಕೂ ಸಕಾರಕ್ಕೂ ಹಳೇ ನಂಟಸ್ತನ. ಹೊನ್ನಯ್ಯ ಇದಾನಲ್ಲ. ಹ ತೆಗೆದು ಸ ಹಾಕಿ.”

ಹೊನ್ನಯ್ಯನನ್ನು ಕರೆಸಿದರು. ಅವನು ಕುರ್ಚಿಯನ್ನೊಮ್ಮೆ ನೋಡಿದ, ಫ್ಯಾನನ್ನೊಮ್ಮೆ ನೋಡಿದ. “ಕುಂತ್ಕಳಾಕೆ ಕುರ್ಚಿ ಕೊಟ್ರೆ ಏನಾರ ಕರೀರಿ ಸಾಮಿ, ಬತ್ತೀನಿ,” ಅಂದ. ಕೂತ. ಹೀಗೆ ಹೊನ್ನಯ್ಯ ಸೊನ್ನಯ್ಯನಾದ. ಉಷಾರಾಣಿ ಐವರ ಫೋಟೋ ತರಿಸಿಕೊಂಡು ಸ್ಟೇಟಸ್ಸಿಗೆ ಹಾಕಿ, ಕೆಳಗೆ ‘ನಮ್ಮೆಜಮಾನ್ರ ಟೀಮ್’ ಎಂದು ಬರೆದಳು.

ಮೇಡಂ ಬರುವ ದಿನ ಬೆಳಿಗ್ಗೆ, ಫ್ಯಾಕ್ಟರಿಯ ಬಾಗಿಲಿಗೆ ಮಾವಿನ ತೋರಣ ಕಟ್ಟುತ್ತಿರುವಾಗ, ದ್ಯಾವಮ್ಮ ಹೆರೆಯುವ ಕತ್ತಿಯನ್ನು ಕೈಯಲ್ಲಿ ಹಿಡಿದೇ ಆಫೀಸಿನೊಳಗೆ ಬಂದಳು. ಕತ್ತಿ ಸಣ್ಣದು, ಆದರೆ ಅವಳು ಹಿಡಿದ ರೀತಿ ದೊಡ್ಡದಾಗಿತ್ತು. ಅವಳ ಹಿಂದೆ ಉಳಿದ ಹೆಂಗಸರೆಲ್ಲ ಇದ್ದರು.

“ಯಾರು ನನ್ನ ಗಂಡನ್ನ ಸೊನ್ನೆ ಮಾಡಿದೋರು?”

ಮರುಳಪ್ಪ ಮೇಷ್ಟ್ರು ಪೇಪರನ್ನು ಪೂರ್ತಿ ಬಿಚ್ಚಿಕೊಂಡರು.

“ಹೊನ್ನು ಅಂದ್ರೆ ಚಿನ್ನ! ನಮ್ಮತ್ತೆ ಮಕ್ಳಿಲ್ಲ ಅಂತ ಮಾಲೇಕಲ್ಲು ಬೆಟ್ಟ ಹತ್ತಿ, ಅರಕೆ ಹೊತ್ತು, ಹೆತ್ತು ಇಟ್ಟ ಯೆಸ್ರು. ಬೀದಿಲಿ ಐಕ್ಳೆಲ್ಲ ಸೊನ್ನೆ ಬಂದ, ಸೊನ್ನೆ ಓದ ಅಂತಾವೆ. ನಾನು ಸೊನ್ನೆಗೆ ಎಂಡ್ತಿ ಆಗಾಕೆ ಬಂದಿವ್ನಾ? ಅವನು ತಿರ್ಗ ಹೊನ್ನಯ್ಯ ಆಗಗಂಟ ನಾನು ನಮ್ಮವ್ವನ ಮನೆಲಿರ್ತೀನಿ. ಬಿಕ್ಕೋಡಿಗೆ ಹೊಂಟೆ.”

“ದ್ಯಾವಮ್ಮ, ಇವತ್ತೊಂದಿನ...” ಎಂದು ಕಲ್ಲೇಶಪ್ಪ ಕೈ ಮುಗಿದರು.

“ನಿಮ್ಮ ಬೋರ್ಡಿನ ಯೆಸರಿಗೆ ಎ ಸೇರಿಸ್ಕಂಡ್ರಿ, ಯಾರಾರ ಕೇಳಿದ್ರಾ? ನಮ್ಮನೆ ಯೆಸರ ತಂಟೆಗೆ ಯಾಕೆ ಬಂದ್ರಿ?”

ಅವಳು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು. ಐದನೆಯ ಎಸ್ಸು ಒಂದು ಗಳಿಗೆ ಕುರ್ಚಿಯ ಸುಖವನ್ನೂ ಮುಂದಿನ ಬದುಕನ್ನೂ ತೂಗಿ ನೋಡಿ, ಎದ್ದು, “ಏ ದ್ಯಾವೀ, ನಿಂತ್ಕಳೇ!” ಎಂದು ಕೂಗುತ್ತ ಹಿಂದೆಯೇ ಓಡಿತು. ಅವರು ಹೋದ ದಾರಿಯಲ್ಲೇ ಬಿಸ್ಕತ್ತು ಕಂಪನಿಯ ಕಾರು ಬಂತು.

ಮೇಡಂ ಚಿಕ್ಕ ವಯಸ್ಸಿನವರು. ಕನ್ನಡಕ ಹಾಕಿದ್ದರು. ಮಾತಿಗಿಂತ ಮೊದಲು ನೆಲ ನೋಡುತ್ತಿದ್ದರು. ಕಲ್ಲೇಶಪ್ಪ ಎಳನೀರು ಕೊಟ್ಟು, ಮುಚ್ಚುಮರೆ ಇಲ್ಲದೆ ವಿಷಯಕ್ಕೇ ಬಂದರು.

“ಮೇಡಂ, ನಮ್ಮಲ್ಲಿ ಫೈವ್ ಎಸ್ ಇದೆ.”

ಅವರ ಮುಖ ಅರಳಿತು. “ಹೌದಾ! ಇಷ್ಟು ಚಿಕ್ಕ ಯೂನಿಟ್‌ನಲ್ಲಿ ನಾನು ನೋಡೇ ಇಲ್ಲ. ಎಲ್ಲಿ, ತೋರಿಸಿ.”

“ಕರೀತೀನಿ ಇರಿ.”

“ಕರೀತೀರಾ?”

ನಾಲ್ವರು ಬಂದು ಸಾಲಾಗಿ ನಿಂತರು. ಮೇಡಂ ಅವರ ಹಿಂದೆ ಏನಾದರೂ ಇದೆಯೇ ಎಂದು ಬಗ್ಗಿ ನೋಡಿದರು. ಗೋಡೆ ಇತ್ತು.

“ಇದು... ಫೈವ್ ಎಸ್?”

“ಈಗ ನಾಲ್ಕಿವೆ ಮೇಡಂ. ಐದನೇದು ಹೆಂಡ್ತಿ ಹಿಂದೆ ಬಸ್‌ಸ್ಟ್ಯಾಂಡಿಗೆ ಹೋಗಿದೆ.”

ಮೇಡಂ ಎಳನೀರನ್ನು ಕೆಳಗಿಟ್ಟರು. “ಮೊದಲನೇ ಎಸ್ ಯಾವುದು?” ಎಂದು ಬಹಳ ಮೆತ್ತಗೆ ಕೇಳಿದರು.

“ನಾನೇ ಕಣಮ್ಮ,” ಅಂದರು ಸುವರ್ಣಮ್ಮ.

“ನೀವು ಏನು ಮಾಡ್ತೀರಿ?”

“ಮೊದ್ಲು ಹೆರೆಯೋ ಹೆಣ್ಣುಮಕ್ಕಳನ್ನ ನೋಡ್ಕೋತಿದ್ದೆ. ಎಸ್ ಆದ್ಮೇಲೆ ಕೂತಿದ್ದೀನಿ.”

ಮೇಡಂ ಶಶಿಧರನ ಕಡೆ ತಿರುಗಿದರು. “ನಾನೂ ಅಷ್ಟೇ ಮೇಡಂ,” ಅಂದ ಶಶಿಧರ.

ಆಮೇಲೆ ಮೇಡಂ ಫೈವ್ ಎಸ್ ಅಂದರೇನೆಂದು ವಿವರಿಸಿದರು. ಅದು ಮನುಷ್ಯರಲ್ಲ, ಮಾಡುವ ಕೆಲಸ. ಬೇಕಾದ್ದು ಬೇಡವಾದ್ದನ್ನು ವಿಂಗಡಿಸೋದು, ಬೇಕಾದ್ದನ್ನು ಅದರ ಜಾಗದಲ್ಲಿ ಇಡೋದು, ಗುಡಿಸಿ ಒರೆಸಿ ಚೊಕ್ಕಟವಾಗಿಡೋದು, ಎಲ್ಲರೂ ಒಂದೇ ರೀತಿ ಮಾಡೋದು, ದಿನವೂ ಮಾಡೋದು. ಕಲ್ಲೇಶಪ್ಪ ಬಾಯಿ ತೆರೆದುಕೊಂಡು ಕೇಳಿದರು. “ಇದನ್ನ ನಮ್ಮಮ್ಮ ಅಡಿಗೆಮನೇಲಿ ಮಾಡ್ತಿದ್ರು,” ಅಂದರು.

“ಅಲ್ಲ, ನಿಮ್ಮಲ್ಲಿ ಯಾರಿಗೂ ಇದು ಗೊತ್ತಿರಲಿಲ್ವಾ?”

ಸ್ವಾತಿ ಕೈ ಎತ್ತಿದಳು. “ನಂಗೆ ಗೊತ್ತಿತ್ತು ಮೇಡಂ. ಕಾಲೇಜಲ್ಲಿ ಪಾಠ ಇತ್ತು.”

“ಮತ್ಯಾಕೆ ಹೇಳಲಿಲ್ಲ?”

ಸ್ವಾತಿ ತಲೆ ತಗ್ಗಿಸಿ ಪ್ರಾಮಾಣಿಕವಾಗಿ ಹೇಳಿದಳು: “ಫ್ಯಾನು ನನ್ನ ಕಡೆ ಇತ್ತು ಮೇಡಂ.”

ಮೇಡಂ ಒಳಗೆ ಹೋಗಿ ಎಲ್ಲವನ್ನೂ ನೋಡಿದರು. ಕಂದುಬಣ್ಣದ ಪುಡಿಯನ್ನು ಬೆರಳಿನಲ್ಲಿ ಎತ್ತಿ ಮೂಸಿದರು. ರಾಮಣ್ಣ ಡ್ರೈಯರಿಗೆ ಹಾರನ್ ಒಂದಿಲ್ಲ ಎಂದು ದೂರಿದ. ಅವರು ಕೋಪ ಮಾಡಿಕೊಳ್ಳಲಿಲ್ಲ. ಹೊರಡುವಾಗ, “ಆರ್ಡರ್ ಈಗ ಆಗಲ್ಲ. ಒಂದು ತಿಂಗಳು ಬಿಟ್ಟು ಇನ್ನೊಂದು ಸಲ ಬರ್ತೀನಿ, ಅದೇ ಕೊನೆ,” ಎಂದು ತಮ್ಮ ಚೀಲದಿಂದ ದಾರ ಪೋಣಿಸಿದ ಕೆಂಪು ಚೀಟಿಗಳ ಕಟ್ಟೊಂದನ್ನು ತೆಗೆದುಕೊಟ್ಟರು. “ಮೊದಲನೇ ಎಸ್‌ನಿಂದ ಶುರು ಮಾಡಿ. ಒಳಗೆ ಕೆಲಸಕ್ಕೆ ಬಾರದ್ದು ಏನೇನಿದೆ ನೋಡಿ, ಕೆಂಪು ಚೀಟಿ ಕಟ್ಟಿ, ಹೊರಗಿಡಿ. ಮತ್ತೆ, ಟೋಪಿ ಹಾಕದೆ, ಕೈ ತೊಳೀದೆ ಒಬ್ಬರೂ ಒಳಗೆ ಹೋಗಬಾರದು.”

ಅಂದು ಮಧ್ಯಾಹ್ನ ಕಲ್ಲೇಶಪ್ಪ ಕಟ್ಟು ಹಿಡಿದು ಹೊರಟರು. ಕೆಟ್ಟುಹೋದ ಹಳೇ ಗ್ರೈಂಡರಿಗೆ ಒಂದು ಚೀಟಿ, ಹರಿದ ಚೀಲಗಳ ರಾಶಿಗೆ ಒಂದು, ಮೇಷ್ಟ್ರ ಹಳೇ ಪೇಪರುಗಳ ಗುಡ್ಡಕ್ಕೆ ಒಂದು, ಆಫೀಸಿನ ಮುಂದಿನ ಕುರ್ಚಿಗಳಿಗೆ ಒಂದೊಂದು. ಎಸ್ಸುಗಳು ತಮ್ಮ ತಮ್ಮ ಜಾಗಕ್ಕೆ ಮರಳಿದವು. ಕಟ್ಟು ಮುಗಿಯುತ್ತ ಬಂತು. ಕೊನೆಯ ಚೀಟಿ ಕೈಯಲ್ಲಿ ಉಳಿದಾಗ ಕಲ್ಲೇಶಪ್ಪ ನಿಂತು, ಇನ್ನೂ ಕೆ‌ಲಸಕ್ಕೆ ಬಾರದ್ದು ಏನಿದೆ ಎಂದು ಸುತ್ತಲೂ ನೋಡಿದರು. ನೋಟ ಕಾಯಿ ರಾಶಿಯನ್ನು ದಾಟಿತು, ಜರಡಿಯನ್ನು ದಾಟಿತು, ಚನ್ನೇಶನ ಮೇಲೆ ಬಂದು ನಿಂತಿತು. ಮುಂದಕ್ಕೆ ಹೋಗಲಿಲ್ಲ.

ಚನ್ನೇಶ ಸೂರು ನೋಡಿದ. ಹೆರೆಯುವ ಹೆಂಗಸರ ಕೈಗಳು ನಿಂತವು.

“ಮಾವ, ಕಾರ್ಡು...” ಅಂದ.

“ಬಿಸಾಕಲ್ಲ ಕಣೋ,” ಅಂದರು ಕಲ್ಲೇಶಪ್ಪ. “ಅಕ್ಕನ ಮಗ ನೀನು. ಆ ಯಮ್ಮ ಹೊರಗಿಡಿ ಅಂತ ತಾನೆ ಹೇಳಿದ್ದು? ಗೇಟ್ ಹತ್ರ ಕೂತ್ಕೋ. ಯಾರೇ ಬರ್ಲಿ, ಟೋಪಿ ಹಾಕು, ಕೈ ತೊಳೆಸು, ಆಮೇಲೆ ಒಳಗೆ ಬಿಡು. ಅಷ್ಟೂ ಆಗ್ಲಿಲ್ಲ ಅಂದ್ರೆ ಬೆಲ್ಲವೇ ಗತಿ.” ಕೊನೆಯ ಚೀಟಿಯನ್ನು ಇನ್ನೊಂದು ಕುರ್ಚಿಗೆ ಕಟ್ಟಿ, ಕುರ್ಚಿಯನ್ನು ಅವನ ಕೈಗೆ ಕೊಟ್ಟರು.

ಗೇಟಿನಲ್ಲಿ ಕೂತ ಚನ್ನೇಶ ಏನು ಮಾಡಿದ ಎಂದು ಕೇಳಿದರೆ, ಏನೂ ಮಾಡಲಿಲ್ಲ. ಸುಮ್ಮನಿದ್ದ. ಆದರೆ ಗೇಟಿನಲ್ಲಿ ಬೇಕಾದದ್ದು ಅದೇ ಎಂದು ಯಾರಿಗೆ ಗೊತ್ತಿತ್ತು? ಮರುದಿನ ಮರುಳಪ್ಪ ಮೇಷ್ಟ್ರು ಬಂದರು. ಚನ್ನೇಶ ಟೋಪಿ ಚಾಚಿದ. ಟೋಪಿ ಎಂಬುದು ಕನ್ನಡದ ಪದವೇ ಅಲ್ಲವೆಂದು ಮೇಷ್ಟ್ರು ವಾದ ಹೂಡಿದರು. ಪೇಟದ ಇತಿಹಾಸ ಹೇಳಿದರು. ನಿನ್ನ ಅಪ್ಪನಿಗೆ ಅಕ್ಷರ ಕಲಿಸಿದವನು ನಾನು ಅಂದರು. ಚನ್ನೇಶ ಸುಮ್ಮನಿದ್ದ, ಟೋಪಿ ಚಾಚಿಕೊಂಡೇ ಇದ್ದ. ಒಬ್ಬನೇ ಎಷ್ಟು ಹೊತ್ತು ವಾದ ಮಾಡಲು ಸಾಧ್ಯ? ಕಾಫಿಯ ವೇಳೆ ಬೇರೆ ಮೀರುತ್ತಿತ್ತು. ಮೇಷ್ಟ್ರು ಟೋಪಿ ಹಾಕಿಕೊಂಡರು.

ಬಿಕ್ಕೋಡಿನಿಂದ ಗಂಡನನ್ನು ಹೊನ್ನಯ್ಯನಾಗಿಸಿಕೊಂಡು ಮರಳಿದ ದ್ಯಾವಮ್ಮ ಬೈದಳು, ಮುಡಿದ ಹೂವು ಬಾಡುತ್ತದೆ ಅಂದಳು. ಚನ್ನೇಶ ಸುಮ್ಮನಿದ್ದ. ಅವಳೂ ಹಾಕಿಕೊಂಡಳು. ಸೋನು ಎಂಬ ನಾಯಿ ಎರಡು ದಿನ ಪ್ರಯತ್ನಿಸಿ ಬೇರೆ ಫ್ಯಾಕ್ಟರಿ ನೋಡಿಕೊಂಡಿತು. ಒಂದು ಬೆಳಿಗ್ಗೆ ಕಲ್ಲೇಶಪ್ಪನವರೇ ಫೋನಿನಲ್ಲಿ ಮಾತಾಡುತ್ತ ಒಳಗೆ ನಡೆದರು. ಗೇಟು ತೆರೆಯಲಿಲ್ಲ.

“ಏನೋ, ನನಗೇ ಟೋಪಿ ಹಾಕ್ತೀಯಾ?”

“ಎಲ್ರಿಗೂ ಹಾಕ್ತಾ ಇದ್ದೀನಿ ಮಾವ.”

ಕಲ್ಲೇಶಪ್ಪ ಬೈದರು, ನಕ್ಕರು, ಕೊನೆಗೆ ತಲೆ ಬಗ್ಗಿಸಿದರು.

ಒಳಗೆ ಶಶಿಧರನ ಕೈಗೆ ಡ್ರೈಯರು ಬಂದು ಪುಡಿ ಮತ್ತೆ ಬೆಳ್ಳಗಾಗಿತ್ತು. ಸುವರ್ಣಮ್ಮನ ಗದರಿಕೆ ಕೇಳಿ ಹೆಂಗಸರ ಕೈ ಚುರುಕಾಗಿತ್ತು. ರಾಮಣ್ಣ ಲಾರಿಗೆ ಮರಳಿ, ಹಾರನ್ ಹೊಡೆದು ಹೊಡೆದು ದಣಿವು ಆರಿಸಿಕೊಂಡ. ಪೆಡೆಸ್ಟಲ್ ಫ್ಯಾನು ಹೆರೆಯುವವರ ಕಡೆ ತಿರುಗಿತು. ಸ್ವಾತಿ ಆ ದಿನದಿಂದ ತನಗೆ ಗೊತ್ತಿದ್ದದ್ದನ್ನೆಲ್ಲ ಹೇಳತೊಡಗಿದಳು. ಲಾರಿ ಸಂಜೆ ತುಂಬಿಕೊಂಡೇ ಹೋಗುತ್ತಿತ್ತು.

ತಿಂಗಳು ಕಳೆದು ಮೇಡಂ ಬಂದರು. ಗೇಟಿನಲ್ಲಿ ಚನ್ನೇಶ ಅವರಿಗೂ ಟೋಪಿ ಚಾಚಿದ, ಅವರ ಕೈಬಳೆಯ ಕಡೆ ನೋಡುತ್ತ ಸುಮ್ಮನೆ ನಿಂತ. ಅವರಿಗೇ ಮರೆತಿತ್ತು. ಬಳೆ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಒಳಗೆ ಹೋದರು. ಎಲ್ಲ ನೋಡಿ ಬಂದು, “ಕಲಿಯೋದು ಇನ್ನೂ ಬೇಕಾದಷ್ಟಿದೆ. ಆದರೆ ನಿಮ್ಮ ಗೇಟ್ ನೋಡಿ ನನಗೆ ಧೈರ್ಯ ಬಂತು,” ಎಂದು ಆರ್ಡರಿಗೆ ಒಪ್ಪಿದರು.

ಸಂಜೆ ಚನ್ನೇಶ ಮಾವನ ಮುಂದೆ ನಿಂತ. ಬಾಯಿ ಬಿಟ್ಟು ಕೇಳಲಿಲ್ಲ. ಕೈಯಲ್ಲಿ ಗೃಹಪ್ರವೇಶದ ಕಾರ್ಡು ಹಿಡಿದಿದ್ದ.

“ಮಾತು ಮಾತೇ,” ಅಂದರು ಕಲ್ಲೇಶಪ್ಪ. “ಆದ್ರೆ ಗೇಟಿಂದ ನಿನ್ನ ಕಿತ್ತರೆ ಎಲ್ಲ ಹಾಳಾಗುತ್ತೆ. ಕಾರ್ಡಲ್ಲಿ ಬರೀ ಮ್ಯಾನೇಜರ್ ಅಂತ ತಾನೆ ಇರೋದು? ಯಾವುದಕ್ಕೆ ಅಂತ ಬರೆದಿಲ್ವಲ್ಲ. ನೀನು ಗೇಟಿಗೆ ಮ್ಯಾನೇಜರ್. ಆ ಕುರ್ಚಿ ಕೆಂಪು ಚೀಟಿ ಬಿಚ್ಚಿಬಿಡು.”

ಗೃಹಪ್ರವೇಶಕ್ಕೆ ಹಗರೆಯಿಂದ ಉಷಾರಾಣಿಯ ದೊಡ್ಡಮ್ಮ ಬಂದಿದ್ದರು. ಹೋಳಿಗೆ ಊಟವಾಯಿತು, ಎಲೆ ಅಡಿಕೆಯಾಯಿತು. ಹೊಸ ಟೈಲ್ಸಿನ ಮೇಲೆ ಕಾಲು ಚಾಚಿ ಕೂತು, ನೆಂಟರೆಲ್ಲ ಕೇಳುವಂತೆ ವಿಚಾರಿಸಿದರು: “ಅಲ್ಲ ಕಣೇ ಉಷಾ, ಮ್ಯಾನೇಜರ್ ಅಂದ್ರೆ ನಿನ್ನ ಗಂಡ ಏನ್ ಕೆಲ್ಸ ಮಾಡೋದು?”

ಉಷಾರಾಣಿ ಸೆರಗು ಸರಿಮಾಡಿಕೊಂಡಳು. ಅವಳ ದನಿಯಲ್ಲಿ ಹೆಮ್ಮೆ ತುಳುಕುತ್ತಿತ್ತು. “ಫ್ಯಾಕ್ಟರಿಗೆ ಯಾರೇ ಬರ್ಲಿ ದೊಡ್ಡಮ್ಮ, ಓನರೇ ಬರ್ಲಿ, ಬೆಂಗಳೂರಿಂದ ಆಫೀಸರೇ ಬರ್ಲಿ, ಇವರು ಟೋಪಿ ಹಾಕದೆ ಬಿಡೋದೇ ಇಲ್ಲ.”

ದೊಡ್ಡಮ್ಮ ಹೊಸ ಮನೆಯ ಗೋಡೆ, ತೇಗದ ಬಾಗಿಲು, ಸೂರಿನ ಬಣ್ಣದ ದೀಪ ಎಲ್ಲವನ್ನೂ ಸಾವಕಾಶವಾಗಿ ನೋಡಿದರು.

“ಮನೆ ನೋಡಿದ್ರೇ ಗೊತ್ತಾಗುತ್ತೆ ಬಿಡು,” ಅಂದರು.

ಚನ್ನೇಶ ಸುಮ್ಮನಿದ್ದ.